ಮತ್ತೆ ಸೋಮವಾರ: ಒಂದು ಬಡ ಶಾಲೆಯ ನಗೆನಾಟಕ



ದತ್ತಿ ಉಪನ್ಯಾಸದ ವೇದಿಕೆಗೆ ಟಿ.ವಿ.ಯ ನಗೆ ಧಾರಾವಾಹಿಯೊಂದನ್ನು ಹೊತ್ತು ತಂದದ್ದು ಕೊಂಚ ಸಲಿಗೆಯಾಯಿತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇಪ್ಪತ್ತೆರಡು ನಿಮಿಷದ ನಗೆಗೆ ಒಂದು ಗಂಟೆಯ ವ್ಯಾಖ್ಯಾನ ಬೇಕೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಅಮೆರಿಕದ ಎಬಿಸಿ ವಾಹಿನಿಯಲ್ಲಿ 2021ರ ಡಿಸೆಂಬರ್ 7ರಂದು ಶುರುವಾದ 'ಆ್ಯಬಟ್ ಎಲಿಮೆಂಟರಿ' ನಗೆಯ ಜೊತೆಗೆ ಬೇರೊಂದು ಕೆಲಸವನ್ನೂ ಮಾಡಿದೆ. ಫಿಲಡೆಲ್ಫಿಯಾ ನಗರದ ಒಂದು ಬಡ ಸರ್ಕಾರಿ ಶಾಲೆಯ ಕಥೆ ಅದು. ಸಿಟ್‌ಕಾಮ್ (ಸಿಚುಯೇಷನ್ ಕಾಮಿಡಿ, ಎಂದರೆ ಸನ್ನಿವೇಶದ ನಗೆನಾಟಕ) ಎಂಬ ಪ್ರಕಾರಕ್ಕೆ ಹುಟ್ಟಿನಿಂದಲೇ ಒಂದು ಊನವಿದೆ: ಅದರಲ್ಲಿ ಏನೂ ಬದಲಾಗುವಂತಿಲ್ಲ. ಈ ಧಾರಾವಾಹಿ ಆ ಊನವನ್ನೇ ತನ್ನ ವಾದವನ್ನಾಗಿ ಮಾಡಿಕೊಂಡಿತು. ಬಡ ಶಾಲೆಯ ಬಗ್ಗೆ ಹೇಳಬೇಕಾದ ಸತ್ಯಕ್ಕೂ ಸಿಟ್‌ಕಾಮಿನ ಕಟ್ಟುಪಾಡಿಗೂ ಒಂದೇ ಆಕಾರ ಎಂಬುದನ್ನು ಅದು ಕಂಡುಕೊಂಡಿತು. ಇಂದು ನಾನು ಹೇಳಹೊರಟಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ, ಇದಕ್ಕೆ ಬರಬಹುದಾದ ಆಕ್ಷೇಪಗಳಿಗೆ ಉತ್ತರ.

ಮೊದಲು ಆ ಕಟ್ಟುಪಾಡು ಎಂಥದ್ದು ನೋಡೋಣ. ನಮ್ಮ ಮೆಗಾ ಧಾರಾವಾಹಿಗಳಲ್ಲಿ ಎಲ್ಲವೂ ಬದಲಾಗುತ್ತದೆ. ಮದುವೆ ಮುರಿಯುತ್ತದೆ, ಸತ್ತವರು ಎದ್ದು ಬರುತ್ತಾರೆ, ಮನೆಯೊಡತಿ ಬೀದಿಗೆ ಬೀಳುತ್ತಾಳೆ, ಬೀದಿಯಲ್ಲಿದ್ದವಳು ಮನೆಯೊಡತಿಯಾಗುತ್ತಾಳೆ. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ನೋಡಿದವರಿಗೆ ಗೊತ್ತು, ನಗೆ ಧಾರಾವಾಹಿಯ ಜಗತ್ತು ಹಾಗಲ್ಲ. ಪಾಂಡು ಎಷ್ಟು ಸಲ ಸಿಕ್ಕಿಬಿದ್ದರೂ ಮರುದಿನ ಅದೇ ಪಾಂಡು. ಅವನು ಬುದ್ಧಿ ಕಲಿತ ದಿನ ಧಾರಾವಾಹಿ ನಿಲ್ಲುತ್ತದೆ. ಹೆಸರಿನಲ್ಲೇ ಇರುವ ಹಾಗೆ ಇಲ್ಲಿ ಸನ್ನಿವೇಶವೇ ಯಜಮಾನ, ಪಾತ್ರಗಳು ಅದರ ಬಾಡಿಗೆದಾರರು. ಮೊದಲ ನಿಮಿಷದಲ್ಲಿ ಒಂದು ತೊಡಕು ಬರಬೇಕು, ಕೊನೆಯ ನಿಮಿಷದ ಹೊತ್ತಿಗೆ ಅದು ಬಿಡಿಸಿಕೊಳ್ಳಬೇಕು, ಮುಂದಿನ ವಾರ ಎಲ್ಲರೂ ಹೊರಟಲ್ಲಿಗೇ ಬಂದು ನಿಂತಿರಬೇಕು. ಹರಿದದ್ದನ್ನು ಹೊಲಿಯಬಹುದು, ಹೊಸ ಬಟ್ಟೆ ಕೊಡಿಸುವಂತಿಲ್ಲ. ವಿಮರ್ಶಕರು ಬಹುಕಾಲದಿಂದ ಇದನ್ನು ಈ ಪ್ರಕಾರದ ಬಾಲಿಶತನ ಎಂದೇ ಎಣಿಸುತ್ತ ಬಂದಿದ್ದಾರೆ. ಶಾಲೆಯ ಮಟ್ಟಿಗಂತೂ ಇದು ದೊಡ್ಡ ತೊಡಕು. ಶಾಲೆ ಎಂದರೆ ಬದಲಾವಣೆಯ ಜಾಗ; ಜೂನ್‌ನಲ್ಲಿ ಬಂದ ಮಗು ಮಾರ್ಚ್ ಹೊತ್ತಿಗೆ ಬೇರೆಯದೇ ಮಗುವಾಗಿರಬೇಕು. ಯಾವುದೂ ಬದಲಾಗದ ಪ್ರಕಾರದೊಳಗೆ ಬದಲಾವಣೆಗೆಂದೇ ಕಟ್ಟಿದ ಸಂಸ್ಥೆಯನ್ನು ಕೂರಿಸುವುದು ಹೇಗೆ?

ಹಿಂದಿನ ಶಾಲಾ ಸಿಟ್‌ಕಾಮ್‌ಗಳು ಈ ಪ್ರಶ್ನೆಗೆ ಸುಲಭದ ಉತ್ತರ ಹುಡುಕಿಕೊಂಡವು: ಕಲಿಯುವವರು ಕಲಿಯದಂತೆ ನೋಡಿಕೊಂಡರೆ ಆಯಿತು. 1977ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ 'ಮೈಂಡ್ ಯುವರ್ ಲ್ಯಾಂಗ್ವೇಜ್' ಇದರ ಒಳ್ಳೆಯ ಉದಾಹರಣೆ. ಭಾರತ, ಪಾಕಿಸ್ತಾನ, ಜಪಾನ್, ಚೀನಾ, ಇಟಲಿ, ಗ್ರೀಸ್ ಎಂದು ನಾನಾ ದೇಶಗಳಿಂದ ಬಂದವರು ಲಂಡನ್ನಿನ ಸಂಜೆ ತರಗತಿಯಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ಕಲಿಯುತ್ತಾರೆ ಎನ್ನುವುದು ಹೆಸರಿಗೆ. ವಾರ ವಾರ ಅದೇ ಉಚ್ಚಾರ, ಅದೇ ಅಪಾರ್ಥ, ಅದೇ ನಗೆ. ಅವರಿಗೆ ಇಂಗ್ಲಿಷ್ ಬಂದುಬಿಟ್ಟರೆ ಕಥೆಗಾರನ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ. ವಲಸೆ ಬಂದವರನ್ನು ಅಣಕಿಸುತ್ತದೆ ಎಂಬ ಆರೋಪದ ಮೇಲೆ ವಾಹಿನಿಯೇ ಅದನ್ನು ನಿಲ್ಲಿಸಿತು. ಅಷ್ಟಾದರೂ ನಮ್ಮ ದೇಶದಲ್ಲಿ ಅದಕ್ಕೆ ಸಿಕ್ಕ ಪ್ರೀತಿ ಕಡಿಮೆಯದಲ್ಲ; 1993ರಲ್ಲಿ ಪಂಕಜ್ ಕಪೂರ್ ಮೇಷ್ಟರಾಗಿ ದೂರದರ್ಶನದಲ್ಲಿ ಬಂದ 'ಜಬಾನ್ ಸಂಭಾಲ್ ಕೆ' ಅದರದೇ ಹಿಂದಿ ರೂಪ. ಅಲ್ಲಿ ಇಂಗ್ಲಿಷಿನ ಜಾಗಕ್ಕೆ ಹಿಂದಿ ಬಂತು, ಬೇರೆ ಬೇರೆ ಪ್ರಾಂತ್ಯಗಳ ನಾಲಿಗೆಗಳು ನಗೆಗೆ ಗುರಿಯಾದವು. ಅಮೆರಿಕದಲ್ಲಿ 1975ರಿಂದ 1979ರವರೆಗೆ ನಡೆದ 'ವೆಲ್ಕಮ್ ಬ್ಯಾಕ್, ಕಾಟರ್' ಇದಕ್ಕಿಂತ ಮೆದು ಮನಸ್ಸಿನದು. ಬ್ರೂಕ್ಲಿನ್‌ನ 'ದಡ್ಡರ ತರಗತಿ'ಯಲ್ಲಿ ತಾನೇ ಒಂದು ಕಾಲಕ್ಕೆ ಕೂತಿದ್ದವನು ಅದೇ ತರಗತಿಗೆ ಮೇಷ್ಟರಾಗಿ ಮರಳುತ್ತಾನೆ, ಹುಡುಗರ ಮೇಲೆ ಅವನಿಗೆ ಅಕ್ಕರೆಯಿದೆ. ಆದರೂ ಅವರು ಹಿಂದಿನ ಬೆಂಚಿನಿಂದ ಏಳುವ ಹಾಗಿಲ್ಲ. ಇವೆಲ್ಲವುಗಳಲ್ಲೂ ಪ್ರಕಾರದ ಕಟ್ಟುಪಾಡಿನ ಭಾರ ಬಿದ್ದದ್ದು ವಿದ್ಯಾರ್ಥಿಯ ಹೆಗಲ ಮೇಲೆ.

'ಆ್ಯಬಟ್ ಎಲಿಮೆಂಟರಿ' ಆ ಭಾರವನ್ನು ಮಕ್ಕಳ ಹೆಗಲಿನಿಂದ ಇಳಿಸಿ ಕಟ್ಟಡದ ಮೇಲೆ ಹೊರಿಸಿತು. ಇಲ್ಲಿ ಮಕ್ಕಳು ಕಲಿಯುತ್ತಾರೆ, ಶಾಲೆ ಕಲಿಯುವುದಿಲ್ಲ. ಓದಲು ಬಾರದ ಹುಡುಗ ಓದುತ್ತಾನೆ, ಮಾತಾಡದವಳು ಮಾತಾಡುತ್ತಾಳೆ. ಮಿಣುಕುವ ದೀಪ, ಕೈಕೊಡುವ ಕಾಗದದ ಯಂತ್ರ, ಕಿತ್ತುಹೋದ ಪುಸ್ತಕ ಮಾತ್ರ ಮುಂದಿನ ವಾರವೂ ಹಾಗೇ ಇರುತ್ತವೆ. ಇದನ್ನು ರೂಪಿಸಿದ ಕ್ವಿಂಟಾ ಬ್ರನ್ಸನ್ ಫಿಲಡೆಲ್ಫಿಯಾದವರೇ. ಅವರ ತಾಯಿ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ದಶಕಗಳ ಕಾಲ ಕಿಂಡರ್‌ಗಾರ್ಟನ್ ಶಿಕ್ಷಕಿಯಾಗಿದ್ದವರು. ಕಥೆಯ ಶಾಲೆಗೆ ಬ್ರನ್ಸನ್ ತಮಗೆ ಆರನೆಯ ತರಗತಿಯಲ್ಲಿ ಕಲಿಸಿದ ಶಿಕ್ಷಕಿಯ ಹೆಸರಿಟ್ಟರು. ಎರಡನೆಯ ತರಗತಿಯ ಉತ್ಸಾಹಿ ಶಿಕ್ಷಕಿ ಜನೀನ್ ಟೀಗ್ಸ್ ಪಾತ್ರ ಅವರದೇ. ಕಿಂಡರ್‌ಗಾರ್ಟನ್‌ನ ಹಿರಿಯ ಶಿಕ್ಷಕಿ ಬಾರ್ಬರಾ ಹೊವರ್ಡ್, ಎಲ್ಲ ಕೆಲಸಕ್ಕೂ ಊರಲ್ಲಿ ಒಬ್ಬ ಪರಿಚಯದವನನ್ನು ಇಟ್ಟುಕೊಂಡಿರುವ ಮೆಲಿಸ್ಸಾ, ಬದಲಿ ಶಿಕ್ಷಕನಾಗಿ ಬಂದು ಉಳಿದುಕೊಳ್ಳುವ ಗ್ರೆಗರಿ, ಪುಸ್ತಕದ ಬದನೆಕಾಯಿಯಂಥ ಜೇಕಬ್, ಕಸಗುಡಿಸುತ್ತಲೇ ಲೋಕದ ಎಲ್ಲ ಒಳಸಂಚುಗಳನ್ನೂ ಬಿಡಿಸಿ ಹೇಳುವ ಮಿಸ್ಟರ್ ಜಾನ್ಸನ್, ಇವರೆಲ್ಲರ ಮೇಲೆ ಪ್ರಿನ್ಸಿಪಾಲ್ ಏವಾ ಕೋಲ್ಮನ್. ಬಾರ್ಬರಾ ಪಾತ್ರಕ್ಕಾಗಿ ಶೆರಿಲ್ ಲೀ ರಾಲ್ಫ್ 2022ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು. ಹಾಸ್ಯ ಧಾರಾವಾಹಿಯ ಪೋಷಕ ನಟಿಯ ಆ ಪ್ರಶಸ್ತಿ ಕಪ್ಪು ಮಹಿಳೆಯೊಬ್ಬರಿಗೆ ಸಂದದ್ದು 35 ವರ್ಷಗಳ ನಂತರ, ಅದೂ ಎರಡನೆಯ ಸಲ ಮಾತ್ರ.

ಮೊದಲ ಕಂತಿನ ತೊಡಕು ಒಂದು ಜಮಖಾನ. ಜನೀನಳ ತರಗತಿಯ ಜಮಖಾನದ ಮೇಲೆ ಮಗುವೊಂದು ಉಚ್ಚೆ ಹೊಯ್ದುಬಿಡುತ್ತದೆ. ಹೊಸದು ಬೇಕು. ಆ ಮಕ್ಕಳಿಗೆ ಜಮಖಾನ ಎಂದರೆ ಕೂತು ಕಥೆ ಕೇಳುವ ಜಾಗ, ಮಲಗುವ ಜಾಗ, ಮನೆಯಲ್ಲಿ ಸಿಗದ ಮೆತ್ತನೆಯ ಜಾಗ. ಶಾಲೆಗೆ ಬಂದಿದ್ದ 3000 ಡಾಲರ್ ಹಣವನ್ನು ಪ್ರಿನ್ಸಿಪಾಲ್ ಏವಾ ಶಾಲೆಯ ಮುಂದೆ ತನ್ನ ಫೋಟೊ ಇರುವ ಬೋರ್ಡು ಹಾಕಿಸಲು ಖರ್ಚು ಮಾಡಿಬಿಟ್ಟಿರುತ್ತಾಳೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಕೊನೆಗೆ ಜಮಖಾನಗಳು ಬರುತ್ತವೆ, ಇಲಾಖೆಯಿಂದಲ್ಲ. ಕ್ರೀಡಾಂಗಣದ ಕೆಲಸದಲ್ಲಿರುವ ಮೆಲಿಸ್ಸಾಳ ಪರಿಚಯದವನ ಕೈಯಿಂದ. ಕಂತು ಮುಗಿಯಿತು, ತೊಡಕು ಬಿಡಿಸಿಕೊಂಡಿತು, ನಾವು ನಕ್ಕೆವು. ಆದರೆ ಏನು ಬದಲಾಯಿತು? ಮುಂದಿನ ಸಲ ಜಮಖಾನ ಹಾಳಾದರೆ ಮತ್ತೆ ಪರಿಚಯದವನನ್ನೇ ಹುಡುಕಬೇಕು. ಎರಡನೆಯ ಕಂತಿನಲ್ಲಿ ಮೊಗಸಾಲೆಯ ದೀಪ ಮಿಣುಕುತ್ತದೆ. ಬಿಟ್ಟುಬಿಡು ಎಂದು ಹಿರಿಯರು ಹೇಳುತ್ತಾರೆ. ಜನೀನ್ ಬಿಡುವವಳಲ್ಲ, ತಾನೇ ರಿಪೇರಿಗೆ ಇಳಿದು ಇಡೀ ಶಾಲೆಯ ಕರೆಂಟು ಹೋಗುವಂತೆ ಮಾಡುತ್ತಾಳೆ. ಇನ್ನೊಂದು ಕಂತಿನಲ್ಲಿ ಪ್ರತಿಭಾವಂತ ಮಕ್ಕಳಿಗೆಂದು ಬೇರೆ ತರಗತಿ ಶುರುವಾಗುತ್ತದೆ. ಅದಕ್ಕೆ ಸೇರದ ಮಕ್ಕಳಿಗಾಗಿ, ಮರಿಯಾಗಲಿ ಎಂದು ತಂದಿಟ್ಟ ಮೊಟ್ಟೆಗಳಿಂದ ಕೋಳಿಯ ಬದಲು ಹಾವಿನ ಮರಿಗಳು ಹೊರಬರುತ್ತವೆ. ಒಂದೊಂದು ಕಂತೂ ಒಂದು ಸುಧಾರಣೆಯ ಪ್ರಯತ್ನ, ಒಂದೊಂದೂ ತೇಪೆಯಲ್ಲಿ ಮುಗಿಯುತ್ತದೆ. ಬೇರೆ ಸಿಟ್‌ಕಾಮಿನಲ್ಲಿ ಪಾತ್ರದ ಪೆದ್ದುತನ ಕಥೆಯನ್ನು ಹಿಂದಕ್ಕೆ ಎಳೆದು ತಂದರೆ ಇಲ್ಲಿ ಹಾಗೆ ಎಳೆದು ತರುವುದು ಬಜೆಟ್ಟು.

ನನ್ನ ಮಟ್ಟಿಗೆ ಈ ಧಾರಾವಾಹಿಯ ಬುದ್ಧಿ ಅತ್ಯಂತ ಹರಿತವಾಗಿ ಕಾಣುವುದು ಮೂರನೆಯ ಕಂತಿನಲ್ಲಿ. ಶಾಲೆಗೆ ಬೇಕಾದ ಪೆನ್ಸಿಲು, ಬಣ್ಣ, ಕಾಗದಗಳ ಪಟ್ಟಿ ಮಾಡಿ, ವೀಡಿಯೊ ತೆಗೆದು, ಅಂತರ್ಜಾಲದಲ್ಲಿ ಹಾಕಿ ದಾನಿಗಳನ್ನು ಹುಡುಕುವುದು ಅಮೆರಿಕದ ಶಿಕ್ಷಕರಲ್ಲಿ ಈಗ ರೂಢಿ. ಏವಾಳ ನೆರವಿನಿಂದ ಜನೀನ್ ಅದನ್ನು ಮಾಡುತ್ತಾಳೆ, ಸಾಮಾನು ಬಂದು ಬೀಳುತ್ತವೆ. ಬಾರ್ಬರಾ ಒಪ್ಪುವುದಿಲ್ಲ. ಒಪ್ಪದಿದ್ದರೂ ಜನೀನ್ ಅವರಿಗೆ ತಿಳಿಯದಂತೆ ಅವರ ತರಗತಿಗೂ ವೀಡಿಯೊ ಮಾಡಿ ಹಾಕುತ್ತಾಳೆ. ಬಾರ್ಬರಾಗೆ ನೋವಾಗುತ್ತದೆ. ನಮ್ಮ ಹತ್ತಿರ ಇಲ್ಲದ್ದರ ಪಟ್ಟಿಯನ್ನು ಮಕ್ಕಳ ಕಣ್ಣೆದುರು ಹಿಡಿದರೆ ಅವರು ತಾವೇ ಕಡಿಮೆಯವರು ಎಂದುಕೊಳ್ಳುತ್ತಾರೆ ಎಂಬುದು ಅವರ ನಿಲುವು. ಇರುವುದರಲ್ಲೇ ಪಾಠ ಮಾಡಿ, ಇಲ್ಲದ್ದು ಮಕ್ಕಳಿಗೆ ಗೊತ್ತೇ ಆಗದಂತೆ ನೋಡಿಕೊಳ್ಳುವುದು ಅವರು ವರ್ಷಗಳಿಂದ ಪಾಲಿಸಿಕೊಂಡು ಬಂದ ಮರ್ಯಾದೆ. ಇಬ್ಬರಲ್ಲಿ ಯಾರು ಸರಿ? ಪೆನ್ಸಿಲಿಲ್ಲದ ಮಗುವಿಗೆ ಪೆನ್ಸಿಲು ಸಿಕ್ಕಿತಲ್ಲ ಎಂದರೆ ಜನೀನ್ ಸರಿ. ಪೆನ್ಸಿಲಿಗಾಗಿ ಮಗು ಅಪರಿಚಿತರ ಕರುಣೆಗೆ ಕೈಚಾಚಬೇಕಾಯಿತಲ್ಲ ಎಂದರೆ ಬಾರ್ಬರಾ ಸರಿ. ಇಬ್ಬರೂ ಸರಿಯಾಗಿರುವುದು ಸಾಧ್ಯವಾದದ್ದೇ ಮೂರನೆಯವನೊಬ್ಬ ತನ್ನ ಕೆಲಸ ಮಾಡಿಲ್ಲವಾದ್ದರಿಂದ. ಆ ಮೂರನೆಯವನು ದೃಶ್ಯದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಅವನ ಹೆಸರನ್ನೂ ಯಾರೂ ಎತ್ತುವುದಿಲ್ಲ. ದೊಡ್ಡ ಕಾದಂಬರಿಕಾರರು ನೂರಾರು ಪುಟಗಳಲ್ಲಿ ಕಟ್ಟುವ ನೈತಿಕ ಇಕ್ಕಟ್ಟು ಇಲ್ಲಿ ಬಣ್ಣದ ಪೆನ್ಸಿಲಿನ ಡಬ್ಬಿಯಲ್ಲಿ ಕೂತಿದೆ.

ಈ ಇಕ್ಕಟ್ಟು ನಮಗೆ ದೂರದ್ದೇನಲ್ಲ. ನಮ್ಮ ಸರ್ಕಾರಿ ಶಾಲೆಗಳ ಬೆಂಚು, ಫ್ಯಾನು, ಬೀರುಗಳ ಮೇಲೆ 'ಕೊಡುಗೆ' ಎಂದು ಬರೆದು ದಾನಿಯ ಹೆಸರು ಹಾಕುವ ಪದ್ಧತಿ ಎಷ್ಟು ಹಳೆಯದೆಂದರೆ, 2018ರ ರಿಷಬ್ ಶೆಟ್ಟಿಯವರ ಚಿತ್ರ ಅದನ್ನೇ ಶೀರ್ಷಿಕೆಗೆ ಏರಿಸಿತು: 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಶಾಲೆ ಸರ್ಕಾರದ್ದು, ಕೊಡುಗೆ ರೈಗಳದ್ದು; ಇಡೀ ಸಮಸ್ಯೆ ಆ ಒಂದು ಗೋಡೆಬರಹದಲ್ಲಿದೆ. (ದತ್ತಿಯ ವೇದಿಕೆಯಲ್ಲಿ ನಿಂತು ಕೊಡುಗೆಯ ಬಗ್ಗೆ ಹೀಗೆ ಮಾತಾಡುವುದರ ಇಕ್ಕಟ್ಟು ನನಗೂ ತಿಳಿದಿದೆ. ಉಪನ್ಯಾಸಕ್ಕೆ ದಾನಿ ಬೇಕಾದರೆ ಅದು ಸಂಸ್ಕೃತಿ, ಪೆನ್ಸಿಲಿಗೆ ಬೇಕಾದರೆ ಅದು ಬೇರೆಯ ಮಾತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.)

ಕಥೆಯಲ್ಲಿ ಹೆಸರಿಲ್ಲದ ಆ ಮೂರನೆಯವನಿಗೆ ಹೊರಗೆ ಹೆಸರಿದೆ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಸ್ಥಳೀಯ ಮನೆಗಂದಾಯದಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಊರಿಗೆ ಒಳ್ಳೆಯ ಶಾಲೆ, ಮುರುಕು ಮನೆಗಳ ಊರಿಗೆ ಮುರುಕು ಶಾಲೆ. ಫಿಲಡೆಲ್ಫಿಯಾದ ಸ್ಥಿತಿ ಇನ್ನೂ ವಿಚಿತ್ರ: ಅಲ್ಲಿನ ಶಾಲಾ ಆಡಳಿತಕ್ಕೆ ತಾನಾಗಿ ಕಂದಾಯ ಹಾಕುವ ಅಧಿಕಾರವೇ ಇಲ್ಲ, ನಗರಸಭೆಯ ಮುಂದೆಯೂ ರಾಜ್ಯದ ಮುಂದೆಯೂ ಕೈಯೊಡ್ಡಿ ನಿಲ್ಲಬೇಕು. 2001ರ ಕೊನೆಯಲ್ಲಿ ರಾಜ್ಯ ಸರ್ಕಾರ ಈ ಶಾಲೆಗಳ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು, 2018ರವರೆಗೂ ಬಿಡಲಿಲ್ಲ. ಈ ನಡುವೆ, 2013ರ ಒಂದೇ ವರ್ಷ, 20ಕ್ಕೂ ಹೆಚ್ಚು ಶಾಲೆಗಳಿಗೆ ಬೀಗ ಬಿತ್ತು; 3700ಕ್ಕೂ ಹೆಚ್ಚು ನೌಕರರಿಗೆ ಕೆಲಸ ಹೋಗುತ್ತದೆಂಬ ನೋಟಿಸು ಬಂತು. ಶಾಲೆಗಳ ಕಟ್ಟಡಗಳು ಹಳೆಯವು. ಗೋಡೆ, ಪೈಪುಗಳಲ್ಲಿ ಕಲ್ನಾರು ಇದೆಯೆಂದು 2023ರಲ್ಲಿ ಕೆಲವು ಶಾಲೆಗಳನ್ನು ಮುಚ್ಚಬೇಕಾಯಿತು. 2014ರಲ್ಲಿ ರಾಜ್ಯದ ಆರು ಬಡ ಶಾಲಾ ಜಿಲ್ಲೆಗಳೂ ಕೆಲವು ಪೋಷಕರೂ ಸಂಘಟನೆಗಳೂ ಸೇರಿ ಈ ಹಂಚಿಕೆಯೇ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ದಾವೆ ಹೂಡಿದರು. ವಿಚಾರಣೆ ಶುರುವಾದದ್ದು 2021ರ ನವೆಂಬರ್‌ನಲ್ಲಿ. ತಿಂಗಳು ತುಂಬುವ ಮೊದಲೇ 'ಆ್ಯಬಟ್ ಎಲಿಮೆಂಟರಿ'ಯ ಮೊದಲ ಕಂತು ಪ್ರಸಾರವಾಯಿತು. ಒಂದು ಕಡೆ ಬಡ ಜಿಲ್ಲೆಗಳ ಶಾಲಾಧಿಕಾರಿಗಳು ಕಟಕಟೆಯಲ್ಲಿ ನಿಂತು ತಮ್ಮ ಶಾಲೆಗಳ ಕೊರತೆಗಳನ್ನು ಎಣಿಸಿ ಹೇಳುತ್ತಿದ್ದರು, ಇನ್ನೊಂದು ಕಡೆ ಜನ ಟಿ.ವಿ. ಮುಂದೆ ಕೂತು ಅದೇ ಕೊರತೆಗಳನ್ನು ನೋಡಿ ನಗುತ್ತಿದ್ದರು. ಶಾಸಕಾಂಗದ ನಾಯಕರೊಬ್ಬರ ಪರ ವಕೀಲರು ಅದೇ ವಿಚಾರಣೆಯಲ್ಲಿ, ಮೆಕ್‌ಡೊನಾಲ್ಡ್ಸ್ ಕೆಲಸದ ದಾರಿ ಹಿಡಿದವನಿಗೆ ಬೀಜಗಣಿತದಿಂದ ಏನು ಉಪಯೋಗ ಎಂಬರ್ಥದ ಪ್ರಶ್ನೆ ಕೇಳಿದರು. ಏವಾಳ ಬಾಯಿಗೆ ಹಾಕಬಹುದಾಗಿದ್ದ ಮಾತು ಅದು. ಆದರೆ ಬರೆದವರು ಸಿಟ್‌ಕಾಮಿನ ಲೇಖಕರಲ್ಲ.

ಇನ್ನು ಆಕ್ಷೇಪಗಳು. ಅತ್ಯಂತ ಗಂಭೀರವಾದದ್ದು ಏವಾಳನ್ನು ಕುರಿತದ್ದು, ಸಾಮಾನ್ಯವಾಗಿ ಯಾರೂ ಎತ್ತದ್ದು ಕೂಡ. ಮೊದಲ ಕಂತಿನಲ್ಲಿ ಜಮಖಾನ ಬಾರದಿರಲು ಕಾರಣ ಹಣವಿಲ್ಲದ್ದಲ್ಲ. ಬಂದ ಹಣವನ್ನು ಪ್ರಿನ್ಸಿಪಾಲ್ ನುಂಗಿದ್ದು. ಅವಳಿಗೆ ಆ ಹುದ್ದೆ ಸಿಕ್ಕಿದ್ದೂ ಮೇಲಧಿಕಾರಿಯ ಗುಟ್ಟಿನ ಸಂಬಂಧವೊಂದನ್ನು ತಿಳಿದುಕೊಂಡು ಅವನನ್ನು ಹೆದರಿಸಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಕಥೆಯಾಯಿತು. ಬಡ ಶಾಲೆಗಳಿಗೆ ಹೆಚ್ಚು ಹಣ ಕೊಡಬಾರದು ಎನ್ನುವವರ ಹಳೆಯ ವಾದವೂ ಇದೇ ಅಲ್ಲವೇ? ಕೊಟ್ಟದ್ದನ್ನೇ ಅವರು ಪೋಲು ಮಾಡುತ್ತಾರೆ, ಇನ್ನಷ್ಟು ಕೊಟ್ಟು ಏನು ಪ್ರಯೋಜನ ಎಂದು. ಹಾಗಾದರೆ ಧಾರಾವಾಹಿ ತನಗೆ ತಿಳಿಯದೆಯೇ ಎದುರಾಳಿಯ ಕೈಗೆ ಕತ್ತಿ ಕೊಟ್ಟಿತೇ? ಮೊದಲ ಕಂತಿನ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಲೇಬೇಕು. ನಗೆಗೆ ಒಂದು ಮುಖ ಬೇಕು, ತೆರಿಗೆ ಕಾನೂನಿಗೆ ಮುಖವಿಲ್ಲ. ಸುಲಭವಾಗಿ ಸಿಕ್ಕ ಮುಖ ಏವಾಳದು. ಆದರೆ ಮುಂದೆ ಬರೆಯುತ್ತ ಬರೆಯುತ್ತ ಲೇಖಕರು ಈ ತಪ್ಪನ್ನು ಕಂಡುಕೊಂಡಂತಿದೆ. ಮೊದಲ ಋತುವಿನ (ಸೀಸನ್ನಿನ) ಕೊನೆಯ ಹೊತ್ತಿಗೆ ಅದೇ ಏವಾ ಶಾಲೆಗೆ ಹಣ ಕೇಳಿಕೊಂಡು ಮೇಲಧಿಕಾರಿಯ ಮುಂದೆ ನಿಲ್ಲಬೇಕಾಗುತ್ತದೆ, ಹಣ ಬೇಡುವುದು ಎಷ್ಟು ಕಷ್ಟ ಎಂಬುದು ಅವಳ ಮೂಲಕವೇ ನಮಗೆ ಕಾಣುತ್ತದೆ. ನಾಲ್ಕನೆಯ ಋತುವಿನಲ್ಲಿ ಶಾಲೆಯ ಹತ್ತಿರ ಗಾಲ್ಫ್ ಮೈದಾನ ಕಟ್ಟುವ ಕಂಪನಿ ಬರುತ್ತದೆ. ಸುಮ್ಮನಿದ್ದರೆ ಶಾಲೆಗೆ ಬೇಕಾದ್ದನ್ನು ಕೊಡುತ್ತೇವೆ ಎಂಬುದು ಅವರ ಒಪ್ಪಂದ, ಶಿಕ್ಷಕರು ತೆಗೆದುಕೊಳ್ಳುತ್ತಾರೆ. ಸತ್ಯ ಹೊರಬಿದ್ದಾಗ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ಕೆಲಸ ಕಳೆದುಕೊಳ್ಳುವವಳು ಏವಾ. ನಾಲ್ಕು ಋತುಗಳಲ್ಲಿ ಮೋಸದ ಅರ್ಥವೇ ತಿರುಗಿಹೋಗಿದೆ. ಶಾಲೆಗೆ ಬಂದದ್ದನ್ನು ತನಗೆ ಬಳಸಿಕೊಂಡವಳು ಶಾಲೆಗೋಸ್ಕರ ಮೋಸ ಮಾಡಿದವರ ಪಾಪವನ್ನು ಹೊರುತ್ತಾಳೆ. ಅಂದಹಾಗೆ ಇಡೀ ಧಾರಾವಾಹಿಯಲ್ಲಿ ಅತ್ಯಂತ ಚೆನ್ನಾಗಿ ನಗಿಸುವವರು ಏವಾ ಪಾತ್ರದ ಜನೆಲ್ ಜೇಮ್ಸ್. ವಾದದ ಭರಾಟೆಯಲ್ಲಿ ಅದನ್ನು ಮರೆತರೆ ಅನ್ಯಾಯ.

ಎರಡನೆಯದು ಹಳೆಯ ಆಕ್ಷೇಪ: ನಗೆ ನೋವನ್ನು ಸಹಿಸಬಲ್ಲದ್ದಾಗಿ ಮಾಡುತ್ತದೆ, ಸಹಿಸಿಕೊಂಡ ಮೇಲೆ ಯಾರೂ ಬೀದಿಗಿಳಿಯುವುದಿಲ್ಲ. ಇದಕ್ಕೆ ಎರಡು ಉತ್ತರಗಳು. ಒಂದು ರೂಪಕ್ಕೆ ಸಂಬಂಧಿಸಿದ್ದು. ಈ ಧಾರಾವಾಹಿ ಅಣಕು ಸಾಕ್ಷ್ಯಚಿತ್ರದ ಶೈಲಿಯಲ್ಲಿದೆ. ಶಾಲೆಯನ್ನು ಚಿತ್ರಿಸಲು ಬಂದ ತಂಡದ ಕ್ಯಾಮೆರಾ ಸದಾ ಅಲ್ಲಿರುತ್ತದೆ, ಪಾತ್ರಗಳು ಮಧ್ಯೆ ಮಧ್ಯೆ ಅದರತ್ತ ನೋಡುತ್ತವೆ. ಇದು 'ದಿ ಆಫೀಸ್'ನಿಂದ ಬಂದ ಎರವಲು ಎನ್ನುವುದು ನಿಜ. ಆದರೆ 'ದಿ ಆಫೀಸ್'ನಲ್ಲಿ ಕ್ಯಾಮೆರಾದತ್ತ ತಿರುಗುವ ಕಣ್ಣು, ನನ್ನ ಬಾಸ್ ಎಂಥವನು ನೋಡಿ ಎಂದು ನಮ್ಮನ್ನು ಗುಟ್ಟಿನ ಗೆಳೆಯರನ್ನಾಗಿ ಮಾಡಿಕೊಳ್ಳುತ್ತದೆ. ಗ್ರೆಗರಿ ಕ್ಯಾಮೆರಾ ನೋಡುವಾಗ ಆ ನೋಟ ಬೀಳುವುದು ತೆರಿಗೆ ಕೊಡುವವರ, ಓಟು ಹಾಕುವವರ ಮೇಲೆ. ಅದರಲ್ಲಿ ಗೆಳೆತನಕ್ಕಿಂತ ಲೆಕ್ಕ ಕೇಳುವ ಧಾಟಿ ಹೆಚ್ಚು. ಎರಡನೆಯ ಉತ್ತರ ಬ್ರನ್ಸನ್ ಅವರ ನಡೆಯಿಂದ ಸಿಗುತ್ತದೆ. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿಯ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದಾಗ, ಧಾರಾವಾಹಿಯಲ್ಲೂ ಅಂಥದ್ದೊಂದು ಕಂತು ಬರೆಯಿರಿ ಎಂದು ಅನೇಕರು ಅವರನ್ನು ಕೇಳಿಕೊಂಡರು. ಅವರು ಬರೆಯಲಿಲ್ಲ, ಆ ಶಕ್ತಿಯನ್ನು ನಿಮ್ಮ ಜನಪ್ರತಿನಿಧಿಗಳನ್ನು ಕೇಳಲು ಬಳಸಿ ಎಂದು ತಿರುಗಿ ಹೇಳಿದರು. ನಗೆಗೆ ಎಲ್ಲಿ ಎಲ್ಲೆ ಇದೆ ಎಂಬುದು ನಗಿಸುವವರಿಗೇ ಗೊತ್ತಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಈ ಆಕ್ಷೇಪ ಪೂರ್ತಿ ಸುಳ್ಳಲ್ಲ. ಪ್ರಚಾರಕ್ಕೆ ಇಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಶಿಕ್ಷಕರಿಗೆ ಬೇಕಾದ ಸಾಮಾನುಗಳಿಗೆ ಕೊಡಲಾಯಿತು, ಬಡ ಶಾಲೆಗಳಲ್ಲಿ ಮಕ್ಕಳಿಗೆ ಉಚಿತ ಪುಸ್ತಕ ಮೇಳ ನಡೆಯಿತು. ಒಳ್ಳೆಯ ಕೆಲಸವೇ. ಆದರೆ ಮೂರನೆಯ ಕಂತಿನ ಬಾರ್ಬರಾ ಅದನ್ನು ನೋಡಿ ಏನೆನ್ನುತ್ತಿದ್ದರು ಎಂದು ಊಹಿಸಿಕೊಂಡರೆ, ಧಾರಾವಾಹಿ ತನ್ನ ಪ್ರಾಯೋಜಕರಿಗಿಂತ ಜಾಣ ಎಂದು ಒಪ್ಪಬೇಕಾಗುತ್ತದೆ.

ಮೂರನೆಯ ಆಕ್ಷೇಪ ಶಿಕ್ಷಕರನ್ನು ಸಂತರನ್ನಾಗಿ ಮಾಡಿದ್ದರ ಬಗ್ಗೆ. ತ್ಯಾಗಮಯಿ ಗುರುವಿನ ಚಿತ್ರ ಸರ್ಕಾರಗಳಿಗೆ ಬಹಳ ಅನುಕೂಲದ್ದು. ತ್ಯಾಗಕ್ಕೆ ಸಂಬಳ ಕೊಡಬೇಕಾಗಿಲ್ಲ. ಮೆಲಿಸ್ಸಾಳ ಪರಿಚಯದವರು, ಜನೀನಳ ಸಂಜೆಗಳು, ಬಾರ್ಬರಾರ ತಾಳ್ಮೆ ಇವೆಲ್ಲ ರಾಜ್ಯದ ಖಜಾನೆಗೆ ಸಿಗುವ ಪುಕ್ಕಟೆ ಸಹಾಯಧನ. ಧಾರಾವಾಹಿ ಇದನ್ನು ಅರಿತಿದೆ ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಮೂರನೆಯ ಋತುವಿನಲ್ಲಿ ಜನೀನ್ ಶಾಲೆ ಬಿಟ್ಟು ಜಿಲ್ಲಾ ಕಚೇರಿಯ ಕೆಲಸಕ್ಕೆ ಹೋಗುತ್ತಾಳೆ, ಒಳಗಿನಿಂದಲೇ ಬದಲಿಸುತ್ತೇನೆ ಎಂದು. ಅಲ್ಲಿರುವವರು ಕೆಟ್ಟವರೇನಲ್ಲ. ಆದರೆ ಋತು ಮುಗಿಯುವ ಹೊತ್ತಿಗೆ ಅವಳು ತರಗತಿಗೆ ಮರಳುತ್ತಾಳೆ. ಪ್ರಕಾರದ ನಿಯಮದಂತೆ ಮರಳಲೇಬೇಕಿತ್ತು. ಆದರೆ ಸಂತೋಷದ ಈ ಮರಳುವಿಕೆಯಲ್ಲಿ ಕಹಿಯೊಂದು ಅಡಗಿದೆ: ನಾಯಕಿಗೆ ತನ್ನ ಜಾಗ ಸಿಕ್ಕಿತು, ಕಚೇರಿ ತನ್ನ ಜಾಗದಲ್ಲೇ ಉಳಿಯಿತು.

ಧಾರಾವಾಹಿ ನಿಜವಾಗಿ ಎಡವಿದ್ದು ಬೇರೆ ಕಡೆ, ತನ್ನ ನಿಯಮವನ್ನು ತಾನೇ ಮುರಿದಾಗ. ಎರಡನೆಯ ಋತುವಿನಲ್ಲಿ 'ಲೆಜೆಂಡರಿ' ಎಂಬ ಚಾರ್ಟರ್ ಶಾಲೆಗಳ ಕೂಟ ಆ್ಯಬಟ್ಟನ್ನು ತನ್ನ ತೆಕ್ಕೆಗೆ ತೆಗೆದುಕೊಳ್ಳಲು ಬರುತ್ತದೆ. ಸಾರ್ವಜನಿಕ ಹಣ, ಖಾಸಗಿ ಆಡಳಿತ: ಇದು ಚಾರ್ಟರ್ ಶಾಲೆ. ಅದರ ಮುಖ್ಯಸ್ಥ ಅದೇ ಶಾಲೆಯಲ್ಲಿ ಓದಿದವನು, ಚೆಂದದ ಮಾತುಗಾರ. ಶಿಕ್ಷಕರೂ ಪೋಷಕರೂ ಒಗ್ಗಟ್ಟಾಗಿ ಅವನನ್ನು ವಾಪಸು ಕಳಿಸುತ್ತಾರೆ. ಚಪ್ಪಾಳೆ ಬೀಳುವ ಗೆಲುವು. ಫಿಲಡೆಲ್ಫಿಯಾದಲ್ಲಿ ಸಾರ್ವಜನಿಕ ಶಾಲೆಯ ಮಕ್ಕಳಲ್ಲಿ ಸುಮಾರು ಮೂರನೆಯ ಒಂದರಷ್ಟು ಜನ ಚಾರ್ಟರ್ ಶಾಲೆಗಳಲ್ಲಿದ್ದಾರೆ, ಅವರನ್ನು ಅಲ್ಲಿಗೆ ಸೇರಿಸಿದ್ದು ಅವರ ತಂದೆತಾಯಿಯರೇ. ಮಿಣುಕುವ ದೀಪದ ಕೆಳಗೆ ತಮ್ಮ ಮಗು ಓದಬಾರದು ಎಂದುಕೊಂಡ ತಾಯಿ ಖಳನಾಯಕಿಯಲ್ಲ. ಅವಳ ಪಾಲಿನ ವಾದವನ್ನು ಈ ಕಂತುಗಳು ಕೇಳಿಸಿಕೊಂಡದ್ದು ಕಡಿಮೆ. ಬಾರ್ಬರಾಗೂ ಜನೀನಳಿಗೂ ಸಮನಾಗಿ ಹಂಚಿದ ನ್ಯಾಯವನ್ನು ಆ ತಾಯಿಗೂ ಹಂಚಬೇಕಿತ್ತು. ವೈರಿಯೊಬ್ಬನನ್ನು ತಂದು ಸೋಲಿಸುವುದು ಸುಲಭ; ಅವನು ಹೋದ ಮೇಲೂ ದೀಪ ಮಿಣುಕುತ್ತಲೇ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡ ಕಂತುಗಳೇ ಈ ಧಾರಾವಾಹಿಯ ಉತ್ತಮ ಕಂತುಗಳು.

ಗೆಲುವಿನ ಮಾತು ಬಂದದ್ದರಿಂದ ಮತ್ತೆ ಕಾಸರಗೋಡಿನ ಚಿತ್ರಕ್ಕೆ ಬರುತ್ತೇನೆ. ಅದೂ ಮುಚ್ಚಲು ಹೊರಟ ಸರ್ಕಾರಿ ಶಾಲೆಯೊಂದರ ನಗೆಯ ಕಥೆ, ಅದೂ ಮಕ್ಕಳ ಕಡೆ ನಿಂತದ್ದು. ಆದರೆ ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯಬೇಕು. ಹಾಗಾಗಿ ಅದು ನ್ಯಾಯಾಲಯಕ್ಕೆ ಹೋಗುತ್ತದೆ, ಅನಂತನಾಗ್ ವಾದ ಮಾಡುತ್ತಾರೆ, ಶಾಲೆ ಉಳಿಯುತ್ತದೆ, ನಾವು ಕಣ್ಣೊರೆಸಿಕೊಂಡು ಎದ್ದು ಬರುತ್ತೇವೆ. ಸಿನಿಮಾದ ರೂಪಕ್ಕೆ ತೀರ್ಪು ಬೇಕು. ಸಿಟ್‌ಕಾಮಿಗೆ ಬೇಕಾದ್ದು ಮತ್ತೊಂದು ಸೋಮವಾರ. ತೀರ್ಪಿನ ಮರುದಿನ ಶಾಲೆಯ ಬಾಗಿಲು ತೆರೆದಾಗ ಒಳಗೆ ಎಷ್ಟು ಶಿಕ್ಷಕರಿದ್ದಾರೆ, ಮಾಡು ಸೋರುತ್ತಿದೆಯೇ, ಮುಂದಿನ ವರ್ಷ ಎಷ್ಟು ಮಕ್ಕಳು ಸೇರುತ್ತಾರೆ ಎಂದು ಕೇಳುವ ಸ್ವಾತಂತ್ರ್ಯ ಇರುವುದು ಸೋಮವಾರದ ಪ್ರಕಾರಕ್ಕೆ. ಕನ್ನಡದಲ್ಲಿ ಮನೆ, ಆಸ್ಪತ್ರೆಗಳನ್ನು ಇಟ್ಟುಕೊಂಡು ಇಷ್ಟು ನಗಿಸಿದ ನಮ್ಮ ಹಾಸ್ಯ ಧಾರಾವಾಹಿಯ ಬರಹಗಾರರು ಸರ್ಕಾರಿ ಪ್ರಾಥಮಿಕ ಶಾಲೆಯ ಸ್ಟಾಫ್ ರೂಮಿಗೂ ಒಮ್ಮೆ ಹೋಗಿ ಕೂರಲಿ ಎಂಬುದು ನನ್ನ ಆಸೆ. ಬಿಸಿಯೂಟದ ಅಕ್ಕಿಯ ಲೆಕ್ಕ, ಗಣತಿ, ಚುನಾವಣೆ ಕೆಲಸ, ಒಬ್ಬರೇ ಮೇಷ್ಟ್ರು ನಡೆಸುವ ಐದು ತರಗತಿ: ಸಾಮಗ್ರಿಗೆ ಬರವಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ತೀರ್ಪು ಬಂದದ್ದು 2023ರ ಫೆಬ್ರವರಿ 7ರಂದು. 786 ಪುಟಗಳು. ಶಾಲೆಗಳಿಗೆ ಹಣ ಹಂಚುವ ರಾಜ್ಯದ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ಕಾಮನ್‌ವೆಲ್ತ್ ನ್ಯಾಯಾಲಯ ಹೇಳಿತು. ಎಷ್ಟು ಹಣ, ಯಾವಾಗ ಎಂಬುದನ್ನು ಶಾಸಕರಿಗೂ ರಾಜ್ಯಪಾಲರಿಗೂ ಬಿಟ್ಟಿತು. 2024ರಲ್ಲಿ ಅವರು ಕೊರತೆಯನ್ನು ಸುಮಾರು 450 ಕೋಟಿ ಡಾಲರ್ ಎಂದು ಲೆಕ್ಕ ಹಾಕಿ, ಸುಮಾರು 50 ಕೋಟಿಯ ಮೊದಲ ಕಂತು ಕೊಟ್ಟರು. ಮರುವರ್ಷದ ಬಜೆಟ್ಟು ಜೂನ್ ಕೊನೆಗೆ ಆಗಬೇಕಿದ್ದದ್ದು ನವೆಂಬರ್‌ನಲ್ಲಿ ಆಯಿತು. ಇದೇ ವೇಗದಲ್ಲಿ ಕೊಡುತ್ತ ಹೋದರೆ ಕೊರತೆ ತುಂಬಲು ಒಂಬತ್ತು ವರ್ಷ ಬೇಕು. ಮೊದಲ ಕಂತು ಬಂದ ವರ್ಷ ಕಿಂಡರ್‌ಗಾರ್ಟನ್‌ಗೆ ಸೇರಿದ ಮಗು ಕೊನೆಯ ಕಂತು ಬರುವ ಹೊತ್ತಿಗೆ ಎಂಟನೆಯ ತರಗತಿಯಲ್ಲಿರುತ್ತದೆ.